ಹಳೇ ಚಂದ್ರಿಕೆ, ಹಿಪ್ಪುನೇರಳೆ ಕಾಗದ, ಒಂದು ಗೂಡುದೀಪ

ಶಿಡ್ಲಘಟ್ಟದ ಕಡೆ ರೇಷ್ಮೆ ಬೆಳೆ ಮುಗಿದ ಮನೆಗೆ ಹೋದರೆ ಹಿತ್ತಿಲಲ್ಲಿ ಹಿಪ್ಪುನೇರಳೆ ಕಡ್ಡಿ ರಾಶಿ ಬಿದ್ದಿರುತ್ತದೆ. ಸೊಪ್ಪನ್ನೆಲ್ಲ ಹುಳು ತಿಂದು ಬರೀ ಕಡ್ಡಿ ಉಳಿದಿರುತ್ತದೆ. ಒಂದಿಷ್ಟು ಒಲೆಗೆ ಹೋಗುತ್ತದೆ, ಒಂದಿಷ್ಟು ತಿಪ್ಪೆಗೆ. ಅಟ್ಟದ ಮೇಲೆ ಮುರಿದ ಚಂದ್ರಿಕೆಗಳು, ಅಂದರೆ ಹುಳು ಗೂಡು ಕಟ್ಟೋ ಬಿದಿರು ತಟ್ಟಿಗಳು. ವಿಜಯದಶಮಿ ಕಳೆಯುತ್ತಿದ್ದ ಹಾಗೆ ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿನಲ್ಲಿ ಚೆಂಡು ಹೂವನ್ನು ಕೇಳೋರೇ ಇರುವುದಿಲ್ಲ. ಈ ಮೂರೂ ಸೇರಿಸಿ ಕಾರ್ತಿಕ ಮಾಸಕ್ಕೆ ಒಂದು ದೊಡ್ಡ ಗೂಡುದೀಪ ಕಟ್ಟಿದೆ. ಕಾಗದ, ಬಣ್ಣ, ಮಸಿ ಎಲ್ಲ ಇಲ್ಲೇ ಮಾಡಿದ್ದು. ಹೇಗೆ ಮಾಡಿದೆ, ಎಲ್ಲಿ ಕೈ ಕೊಟ್ಟಿತು, ಮಾಡೋರು ಏನು ನೋಡಿಕೊಳ್ಳಬೇಕು ಅಂತ ಬರೆದಿಡುತ್ತಿದ್ದೇನೆ.

ನಾನು ಚಿತ್ರ ಬರೆಯುತ್ತೇನೆ, ಬಟ್ಟೆಗೆ ಬಣ್ಣ ಹಾಕುತ್ತೇನೆ, ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತೇನೆ, ಹಳ್ಳಿಯ ಪೌರಾಣಿಕ ನಾಟಕಗಳಿಗೆ ಪರದೆ ಬರೆದುಕೊಡುತ್ತೇನೆ, ಭಾನುವಾರ ಮಕ್ಕಳಿಗೆ ನೆರಳಿನಾಟ ಹೇಳಿಕೊಡುತ್ತೇನೆ. ಹೊರಗಿನವರಿಗೆ ಇವೆಲ್ಲ ಬೇರೆ ಬೇರೆ ಕೆಲಸ. ನನಗೆ ಹಾಗೆ ಅನ್ನಿಸುವುದೇ ಇಲ್ಲ, ಯಾಕೆಂದರೆ ಬೆಳಿಗ್ಗೆ ಬಟ್ಟೆಗೆ ಅಂತ ಕುದಿಸಿದ ಬಣ್ಣದ ನೀರೇ ಮಧ್ಯಾಹ್ನ ಕಾಗದಕ್ಕೆ ಬರುತ್ತದೆ, ಹರಿದ ಪರದೆಯ ತುಂಡೇ ಕಾಗದ ಒತ್ತೋ ಬಟ್ಟೆ ಆಗುತ್ತದೆ, ಸಾಯಂಕಾಲ ಮಕ್ಕಳು ಆಡೋ ಆಟದಿಂದಲೇ ಮಾರನೇ ದಿನದ ಚಿತ್ರಕ್ಕೆ ಏನೋ ಹೊಳೆಯುತ್ತದೆ.

ಆಶ್ವಯುಜ, ಕಾರ್ತಿಕ ಬಂದರೆ ಇವೆಲ್ಲ ಒಟ್ಟಿಗೆ ಮೈಮೇಲೆ ಬರುತ್ತವೆ. ಶರದೃತು ಅಂದರೆ ಪುಸ್ತಕದಲ್ಲಿ ತಿಳಿ ಆಕಾಶ, ಬಿಳಿ ಮೋಡ. ನಮ್ಮ ಕಡೆ ಹಾಗಲ್ಲ. ಹಸ್ತೆ ಮಳೆ, ಚಿತ್ತೆ ಮಳೆ, ಸ್ವಾತಿ ಮಳೆ ಅಂತ ಒಂದರ ಹಿಂದೆ ಒಂದು ಸಾಲಾಗಿ ನಿಂತಿರುತ್ತವೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಯಿತು ಅಂದರೆ ಮುಗೀತು, ಎರಡು ಮೂರು ದಿನ ಸೂರ್ಯನ ಮುಖ ಕಾಣಿಸುವುದಿಲ್ಲ. ನಡುನಡುವೆ ಒಳ್ಳೇ ಬಿಸಿಲು ಬರುತ್ತದೆ, ಚುರುಕು ಬಿಸಿಲು. ಆ ಬಿಸಿಲು ಇರೋವಾಗ ಏನನ್ನು ಹೊರಗೆ ಇಡಬೇಕು, ಏನನ್ನು ಒಳಗೆ ಕೂತು ಮಾಡಬೇಕು ಅನ್ನೋದೇ ಈ ಕಾಲದ ನನ್ನ ಇಡೀ ದಿನಚರಿ. ತೊಗಟೆ ಒಣಗಬೇಕು, ಬಣ್ಣ ಒಣಗಬೇಕು, ಕಾಗದ ಒಣಗಬೇಕು, ಅಂಟು ಒಣಗಬೇಕು. ಈ ಋತುವಿನಲ್ಲಿ ಕಲೆ ಅಂದರೆ ಮುಕ್ಕಾಲು ಪಾಲು ಒಣಗಿಸೋ ಕೆಲಸ ಅಂತ ನಾನು ನಂಬಿದ್ದೇನೆ.

ಮೊದಲು ಚಂದ್ರಿಕೆ

ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೇಷ್ಮೆ ಹುಳು ನಾಲ್ಕು ಜ್ವರ (ಅಂದರೆ ನಾಲ್ಕು ಸಲ ಪೊರೆ ಬಿಡೋದು) ಮುಗಿಸಿ ಹಣ್ಣಾದ ಮೇಲೆ ಗೂಡು ಕಟ್ಟಲು ಅದನ್ನು ಬಿಡೋದು ಚಂದ್ರಿಕೆಗೆ. ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರಿನ ತಟ್ಟಿ. ಅದರ ಮೇಲೆ ಎರಡು ಎರಡೂವರೆ ಇಂಚು ಎತ್ತರದ ತೆಳು ದಬ್ಬೆಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಆ ಸುರುಳಿಯ ಸಂದಿಯಲ್ಲಿ ಸಾವಿರದಷ್ಟು ಹುಳು ಕೂತು ಗೂಡು ಕಟ್ಟುತ್ತವೆ. ಈಗ ತುಂಬಾ ಮನೆಗಳಲ್ಲಿ ಪ್ಲಾಸ್ಟಿಕ್ ನೇತ್ರಿಕೆ ಬಂದಿದೆ. ತೊಳೆಯೋದು ಸುಲಭ, ಮಡಚಿಡಬಹುದು, ಜಾಗ ಕಡಿಮೆ ಸಾಕು. ರೈತರ ಕಷ್ಟ ನೋಡಿದರೆ ಅದು ಸರಿಯೇ. ಆದರೆ ಮೇದರ ಕೈಯಲ್ಲಿ ಹೆಣೆದ ಆ ಸುರುಳಿ ಇದೆಯಲ್ಲ, ಅದನ್ನು ಗೋಡೆಗೆ ಒರಗಿಸಿ ದೂರದಿಂದ ನೋಡಿ ಒಮ್ಮೆ. ಅಂಥ ವಿನ್ಯಾಸ ಒಲೆಗೆ ಹೋಗಬಾರದು.

ನಮ್ಮ ಬೀದಿಯ ಕೊನೆ ಮನೆಯ ತಾತ ಅಟ್ಟದಿಂದ ಒಂದನ್ನು ಇಳಿಸಿ ಕೊಟ್ಟರು. "ಏನಮ್ಮ ಮಾಡ್ತೀಯ ಇದನ್ನ? ತಟ್ಟಿಯೆಲ್ಲ ಹೋಗಿದೆ" ಅಂದರು. "ದೀಪ ಮಾಡ್ತೀನಿ ತಾತ" ಅಂದೆ. ಅವರಿಗೆ ಅದು ಅಷ್ಟು ಹಿಡಿಸಲಿಲ್ಲ ಅಂತ ಕಾಣುತ್ತೆ. "ಮಾಡು, ಆದ್ರೆ ನಮ್ಮ ಹುಳು ಮನೆ ಹತ್ರ ತರಬೇಡ" ಅಂದರು.

ಅವರು ಹೇಳಿದ್ದರಲ್ಲಿ ಅರ್ಥ ಇದೆ. ಹಳೇ ಚಂದ್ರಿಕೆಯಲ್ಲಿ ರೋಗದ ಬೀಜ ಉಳಿದಿರಬಹುದು. ಸುಣ್ಣಕಟ್ಟು, ಹಾಲುತೊಂಡೆ ಅನ್ನೋ ಹುಳುವಿನ ರೋಗಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗೋದು ಹೀಗೇ. ಆದ್ದರಿಂದ ನೀವು ಹಳೇ ಚಂದ್ರಿಕೆ ತಂದರೆ ಮೊದಲ ಕೆಲಸ ಶುದ್ಧಿ ಮಾಡೋದು. ದಬ್ಬೆಗಳಿಗೆ ಅಂಟಿಕೊಂಡ ರೇಷ್ಮೆ ಎಳೆಯನ್ನು ಬೆಂಕಿ ತೋರಿಸಿ ಸುಟ್ಟೆ. ರೈತರೂ ಹಾಗೇ ಮಾಡುತ್ತಾರೆ. ಜ್ವಾಲೆ ತಾಗಿದ ಕೂಡಲೇ ಎಳೆ ಕುಗ್ಗಿ ಸಣ್ಣ ಕರಿ ಮಣಿ ಆಗುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ. ರೇಷ್ಮೆಯೂ ಕೂದಲ ಹಾಗೆ ಪ್ರೋಟೀನೇ ಅಲ್ವಾ. ಆಮೇಲೆ ಬ್ಲೀಚಿಂಗ್ ಪೌಡರ್, ಸುಣ್ಣ ಬೆರೆಸಿದ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿದೆ. ಎಷ್ಟು ತೊಳೆದರೂ ದಬ್ಬೆಯ ಮೇಲಿನ ಕಂದು ಕಲೆ ಹೋಗುವುದಿಲ್ಲ. ಹುಳು ಗೂಡು ಕಟ್ಟೋಕೆ ಮೊದಲು ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದೆ, ಅದರ ಕಲೆ ಅದು. ನನಗೆ ಅದು ಇರಲಿ ಅನ್ನಿಸಿತು. ಎಷ್ಟೋ ಬೆಳೆ ಕಂಡ ಬಿದಿರು.

ಸುರುಳಿಯನ್ನು ತಟ್ಟಿಯಿಂದ ಬಿಡಿಸೋದು ನಿಧಾನದ ಕೆಲಸ. ಕಟ್ಟುಗಳನ್ನು ಒಂದೊಂದಾಗಿ ಕತ್ತರಿಸಬೇಕು, ಎಳೆದರೆ ದಬ್ಬೆ ಸೀಳುತ್ತದೆ. ಬಿಡಿಸಿದ ದಬ್ಬೆಯನ್ನು ರಾತ್ರಿಯಿಡೀ ನೀರಿನ ತೊಟ್ಟಿಯಲ್ಲಿ ನೆನೆಸಿದರೆ ಬೆಳಿಗ್ಗೆ ಹೇಳಿದ ಹಾಗೆ ಬಗ್ಗುತ್ತದೆ. ಒಣಗಿದ ಹಳೇ ಬಿದಿರನ್ನು ನೆನೆಸದೆ ಬಗ್ಗಿಸಿದರೆ ಚಟಕ್ಕನೆ ಮುರಿಯುತ್ತದೆ. ಚಾಕುವಿನಿಂದ ಉದ್ದಕ್ಕೆ ಸೀಳಿ ಅರ್ಧ ಇಂಚಿನ ಪಟ್ಟಿ ಮಾಡಿಕೊಂಡೆ. ಹುಳ ಕೊರೆದ ಕಡೆ, ಬಿರುಕು ಬಿಟ್ಟ ಕಡೆ ಇನ್ನೊಂದು ತೆಳು ಪಟ್ಟಿ ಒತ್ತಾಗಿ ಇಟ್ಟು ಹತ್ತಿ ದಾರದಿಂದ ಬಿಗಿದು ಸುತ್ತಿದೆ. ಮುರಿದ ಕೋಲಿಗೆ ಪಕ್ಕದಲ್ಲಿ ಜೋಡು ಕೊಡುವ ಈ ಪದ್ಧತಿ ಕೋಲು, ಕಡ್ಡಿ, ಫ್ರೇಮು ಯಾವುದಕ್ಕೂ ಆಗುತ್ತದೆ.

ಆಕಾರ ಏನಿರಬೇಕು? ಅಂಗಡಿಯ ಆಕಾಶಬುಟ್ಟಿ ನಕ್ಷತ್ರದ ಆಕಾರದಲ್ಲಿರುತ್ತದೆ. ನನಗೆ ರೇಷ್ಮೆ ಗೂಡಿನ ಆಕಾರವೇ ಬೇಕಿತ್ತು. ಅದರಲ್ಲೂ ಯಾವ ಗೂಡು ಅನ್ನೋ ಪ್ರಶ್ನೆ ಇದೆ. ಮೈಸೂರು ತಳಿಯ ಗೂಡು ಎರಡೂ ತುದಿಗೆ ಚೂಪಾಗಿ, ಹಸಿರು ಮಿಶ್ರಿತ ಹಳದಿಯಾಗಿರುತ್ತದೆ. ದ್ವಿತಳಿ ಅನ್ನೋ ಇನ್ನೊಂದು ಬಗೆಯ ಬಿಳಿ ಗೂಡುಗಳಲ್ಲಿ ಕೆಲವಕ್ಕೆ ನಡುವೆ ಸೊಂಟ ಇರುತ್ತದೆ. ಸೊಂಟ ಇರೋದನ್ನು ಆರಿಸಿದೆ. ಸೊಂಟದ ಮೇಲೊಂದು, ಕೆಳಗೊಂದು ಬಲ್ಬ್ ಹಾಕಿದರೆ ಬೆಳಕು ಎರಡು ಪಾಲಾಗಿ ಕಾಣುತ್ತದೆ ಅಂತ ಲೆಕ್ಕ. ಉದ್ದ ಎರಡೂವರೆ ಅಡಿ. ಹೊಟ್ಟೆಯ ಕಡೆ ಬಳೆ 14 ಇಂಚು, ಸೊಂಟದ ಬಳೆ 11, ತುದಿಯವು 6. ಬಳೆಗಳನ್ನು ಬಗ್ಗಿಸಿ ಕಟ್ಟಿ ಒಣಗಲು ಬಿಟ್ಟು, ಒಣಗಿದ ಮೇಲೆ ಎಂಟು ಉದ್ದ ಕಡ್ಡಿಗಳನ್ನು ಅವುಗಳ ಮೇಲೆ ಕೂರಿಸಿ ಕಟ್ಟಿದೆ. ಒಣಗೋಕೆ ಮೊದಲು ಜೋಡಿಸಬೇಡಿ. ಬಿದಿರು ಒಣಗುವಾಗ ಸ್ವಲ್ಪ ಕುಗ್ಗುತ್ತದೆ, ಕಟ್ಟು ಸಡಿಲ ಆಗುತ್ತದೆ.

ತೊಗಟೆ ಸುಲಿಯೋದು

"ಹಿಪ್ಪುನೇರಳೆಯಿಂದ ಕಾಗದ ಆಗುತ್ತಾ?" ಅಂತ ಸುಮಾರು ಜನ ಕೇಳಿದರು. ಆಗದೆ ಏನು! ಕಾಗದ ಮಾಡೋ ವಿದ್ಯೆಯನ್ನು ಚೀನಾದ ಚಕ್ರವರ್ತಿಯ ಆಸ್ಥಾನಕ್ಕೆ ಒಪ್ಪಿಸಿದ ಸಾಯ್ ಲುನ್ ಕ್ರಿ.ಶ. 105ರಲ್ಲಿ ಬಳಸಿದ್ದು ಮರದ ತೊಗಟೆ, ಸೆಣಬಿನ ನಾರು, ಹಳೇ ಬಟ್ಟೆ, ಮೀನಿನ ಬಲೆ ಅಂತ ಅಲ್ಲಿಯ ಇತಿಹಾಸ ಹೇಳುತ್ತದೆ. ಉಜ್ಬೇಕಿಸ್ತಾನದ ಸಮರ್‌ಕಂದ್‌ನಲ್ಲಿ ಹಿಪ್ಪುನೇರಳೆ ತೊಗಟೆಯ ಕಾಗದವನ್ನು ಇವತ್ತಿಗೂ ಕೈಯಲ್ಲೇ ಮಾಡುತ್ತಾರೆ. ಜಪಾನಿನವರು ವಾಶಿ ಅನ್ನೋ ಕೈಕಾಗದಕ್ಕೆ ಬಳಸೋ ಕೋಜೊ ಗಿಡ ನಮ್ಮ ಹಿಪ್ಪುನೇರಳೆಯ ಹತ್ತಿರದ ಸಂಬಂಧಿ. ಯುನೆಸ್ಕೋ ಆ ಕಸುಬನ್ನು 2014ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಲಸು, ಅತ್ತಿ, ಆಲ ಎಲ್ಲ ಇದೇ ಕುಟುಂಬದವು. ನಮ್ಮಲ್ಲಿ ಎಕರೆಗಟ್ಟಲೆ ಹಿಪ್ಪುನೇರಳೆ ಇದೆ, ವರ್ಷಕ್ಕೆ ಹಲವು ಸಲ ಕೊಯ್ಯುತ್ತೇವೆ, ಸೊಪ್ಪು ಬಿಟ್ಟು ಮಿಕ್ಕಿದ್ದೆಲ್ಲ ಕಸ ಅಂದುಕೊಂಡಿದ್ದೇವೆ. ಇದು ನನಗೆ ನಿಜವಾಗಲೂ ಹೊಟ್ಟೆ ಉರಿಸೋ ವಿಷಯ.

ಕಡ್ಡಿ ಹಸಿಯಾಗಿದ್ದಾಗ ತೊಗಟೆ ಸುಲಭಕ್ಕೆ ಬರುತ್ತದೆ. ಎರಡು ದಿನ ಒಣಗಿತು ಅಂದರೆ ಕಚ್ಚಿಕೊಳ್ಳುತ್ತದೆ. ಆಗ ಕಡ್ಡಿಯನ್ನು ಮೊಳದುದ್ದ ಕತ್ತರಿಸಿ, ಡ್ರಮ್ಮಿನ ತಳಕ್ಕೆ ಒಂದಿಷ್ಟು ನೀರು ಹಾಕಿ, ಮೇಲೆ ಕಡ್ಡಿ ನಿಲ್ಲಿಸಿ, ಗೋಣಿಚೀಲ ಮುಚ್ಚಿ ಒಂದು ಗಂಟೆ ಹಬೆಯಲ್ಲಿ ಬೇಯಿಸಬೇಕು. ತೊಗಟೆ ತುದಿಯಲ್ಲಿ ಒಂದು ಗೆಣ್ಣಿನಷ್ಟು ಹಿಂದಕ್ಕೆ ಸರಿದಿರುತ್ತದೆ, ಬೆಂದಿದೆ ಅನ್ನೋದಕ್ಕೆ ಅದೇ ಗುರುತು. ಬಿಸಿ ಇರುವಾಗಲೇ ಬುಡದಿಂದ ಹಿಡಿದು ಎಳೆದರೆ ಉದ್ದಕ್ಕೆ ಬರುತ್ತದೆ. ಒಳಗಿನ ಕಡ್ಡಿ ಬಿಳಿಯಾಗಿ, ನುಣ್ಣಗೆ, ಬೆವರಿದ ಹಾಗೆ ಹೊಳೆಯುತ್ತದೆ. ಅದನ್ನೂ ಎಸೆಯಬೇಡಿ, ನೆರಳಿನಾಟದ ಬೊಂಬೆಗೆ ಹಿಡಿಕಡ್ಡಿ ಆಗುತ್ತದೆ.

ಹೊರಗಿನ ಕಂದು ಸಿಪ್ಪೆ, ಅದರ ಕೆಳಗಿನ ಹಸಿರು ಪದರ ಎರಡನ್ನೂ ಚಾಕುವಿನ ಬೆನ್ನಿನಿಂದ ಕೆರೆಯಬೇಕು. ಬೇಕಾದದ್ದು ಒಳಗಿನ ಬಿಳಿ ನಾರು ಮಾತ್ರ. ಹಸಿರು ಸ್ವಲ್ಪ ಉಳಿದರೆ ಕಾಗದಕ್ಕೆ ಮಬ್ಬು ಬಣ್ಣ ಬರುತ್ತದೆ, ಅದು ನನಗೆ ಇಷ್ಟವೇ. ಕಂದು ಸಿಪ್ಪೆ ಮಾತ್ರ ಉಳಿಯಬಾರದು, ಎಷ್ಟು ಬೇಯಿಸಿದರೂ ಕರಗದೆ ಕಾಗದದಲ್ಲಿ ಚುಕ್ಕಿಯಾಗಿ ಕೂರುತ್ತದೆ. ಎಳೆ ಕಡ್ಡಿಯಲ್ಲಿ ನಾರು ತೀರಾ ಕಡಿಮೆ. ಬಲಿತ, ಹೆಬ್ಬೆರಳು ಗಾತ್ರದ ಕಡ್ಡಿ ಆರಿಸಿಕೊಳ್ಳಿ. ಒಂದು ಹೊರೆ ಕಡ್ಡಿ ಸುಲಿದರೂ ಒಣ ನಾರು ಒಂದು ಹಿಡಿಯ ಲೆಕ್ಕದಲ್ಲೇ ಬರುತ್ತದೆ. ಆದ್ದರಿಂದ ಇದು ಒಬ್ಬರೇ ಕೂತು ಮಾಡೋ ಕೆಲಸ ಅಲ್ಲ. ಜಗಲಿ ಮೇಲೆ ಮೂರು ನಾಲ್ಕು ಜನ ಕೂತರೆ ಮಾತಲ್ಲೇ ಮುಗಿಯುತ್ತದೆ. ನಮ್ಮ ಪಕ್ಕದ ಮನೆ ಅಕ್ಕ ರೀಲಿಂಗ್‌ಗೆ ಹೋಗುತ್ತಾರೆ, ಬಿಸಿ ನೀರಿನ ಗೂಡಿನಿಂದ ಕಣ್ಣಿಗೆ ಕಾಣದ ಎಳೆ ಹಿಡಿಯೋ ಕೈ. ಅವರು ಸುಲಿದ ಪಟ್ಟಿ ಒಂದೂ ತುಂಡಾಗಲಿಲ್ಲ.

ಬೇಯಿಸಿ, ಬಡಿದು

ಒಣ ನಾರು ಒಂದು ಕೆಜಿಗೆ ವಾಷಿಂಗ್ ಸೋಡ 200 ಗ್ರಾಂ. ನಾರು ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು. ಪಾತ್ರೆ ಸ್ಟೀಲಿನದೇ ಆಗಬೇಕು, ಅಲ್ಯೂಮಿನಿಯಂ ಬೇಡವೇ ಬೇಡ, ಸೋಡ ಅದನ್ನು ತಿನ್ನುತ್ತದೆ. ಅಡುಗೆಗೆ ಆ ಪಾತ್ರೆ ಮತ್ತೆ ಬಳಸಬೇಡಿ. ಬಯಲಲ್ಲಿ ಸೌದೆ ಒಲೆ ಹಾಕಿ ಎರಡು ಮೂರು ಗಂಟೆ ಸಣ್ಣಗೆ ಕುದಿಸಬೇಕು. ಕೈಗೆ ಗ್ಲೌಸ್ ಇರಲಿ, ಕಣ್ಣು ದೂರ ಇರಲಿ. ಒಂದು ಪಟ್ಟಿ ತೆಗೆದು ತಣ್ಣೀರಲ್ಲಿ ಅದ್ದಿ ಅಡ್ಡಕ್ಕೆ ಎಳೆದು ನೋಡಿ. ನಾರು ಜೇಡರ ಬಲೆಯ ಹಾಗೆ ಬಿಡಿಸಿಕೊಂಡರೆ ಆಯಿತು. ಗಟ್ಟಿಯಾಗಿ ಜಗ್ಗಿದರೆ ಇನ್ನೂ ಬೇಯಬೇಕು.

ತೊಳೆಯೋ ನೀರಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಸೋಡ ಬಿದ್ದರೆ ನೀರು ಬೆಳ್ಳಗೆ ಕದಡುತ್ತದೆ. ಅದು ಸುಣ್ಣದ ಅಂಶ, ನಾರಿನ ಮೇಲೆ ಕೂತರೆ ಮುಂದೆ ಬಣ್ಣ ಒಂದೇ ಸಮ ಹಿಡಿಯುವುದಿಲ್ಲ. ಅದಕ್ಕೆ ಚಿತ್ತೆ ಮಳೆ ಶುರುವಾದಾಗಲೇ ಶೀಟಿನ ಸೂರಿಗೆ ಡ್ರಮ್ ಇಟ್ಟು ನೀರು ಹಿಡಿದಿದ್ದೆ. ಮೊದಲ ತೊಳೆತ ಬೋರ್ ನೀರಲ್ಲಿ, ಕೊನೆಯ ತೊಳೆತ ಮಳೆ ನೀರಲ್ಲಿ. ಬೇರೆ ದಿನ ಒಣಗೋದಕ್ಕೆ ಬಿಡದೆ ಗೋಳು ಹೊಯ್ಕೊಂಡ ಮಳೆ ಇಲ್ಲಿ ಮಾತ್ರ ದೊಡ್ಡ ಉಪಕಾರ ಮಾಡಿತು. ಸೋಡದ ಕಪ್ಪು ನೀರನ್ನು ಗಿಡದ ಬುಡಕ್ಕೆ ಸುರಿಯಬೇಡಿ.

ಆಮೇಲೆ ಬಡಿಯೋದು. ಮಿಕ್ಸಿಗೆ ಹಾಕಿದರೆ ಐದು ನಿಮಿಷದಲ್ಲಿ ಮುಗಿಯುತ್ತದೆ, ಆದರೆ ಬ್ಲೇಡು ನಾರನ್ನು ತುಂಡು ಮಾಡುತ್ತದೆ, ಕಾಗದಕ್ಕೆ ಬಲ ಇರುವುದಿಲ್ಲ. ಬಡಿದರೆ ನಾರಿನ ಉದ್ದ ಹಾಗೇ ಉಳಿದು ಬಿಡಿ ಬಿಡಿ ಆಗುತ್ತದೆ. ದೀಪದ ಕಾಗದ ಗಾಳಿಗೆ ನಿಲ್ಲಬೇಕು, ಆದ್ದರಿಂದ ಇಲ್ಲಿ ಅವಸರ ಬೇಡ. ಹಿತ್ತಿಲಿನ ಚಪ್ಪಡಿ ಕಲ್ಲಿನ ಮೇಲೆ ನಾರಿನ ಮುದ್ದೆ ಇಟ್ಟು ಮರದ ಕೊಡತಿಯಿಂದ ಬಡಿಯೋದು, ಮಡಚೋದು, ಮತ್ತೆ ಬಡಿಯೋದು.

ಇಲ್ಲಿ ಒಂದು ಒಳ್ಳೇ ಸಂಗತಿ ನಡೆಯಿತು. ಭಾನುವಾರದ ಕ್ಲಾಸಿಗೆ ಬರೋ ಒಬ್ಬ ಹುಡುಗ ತಮಟೆ ಕಲಿಯುತ್ತಿದ್ದಾನೆ. ನಮ್ಮ ಜಿಲ್ಲೆಗೆ ತಮಟೆ ಅಂದರೆ ಸಣ್ಣ ಮಾತಲ್ಲ, ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ವಾದ್ಯಕ್ಕೆ. ಹುಡುಗ ಕೊಡತಿ ತಗೊಂಡು ತನ್ನ ಪಾಠದ ಪೆಟ್ಟುಗಳನ್ನೇ ನಾರಿನ ಮೇಲೆ ಹಾಕಲು ಶುರು ಮಾಡಿದ. ಒದ್ದೆ ನಾರಿನ ಮೇಲೆ ಬಿದ್ದರೆ ಮಂದ ಸದ್ದು, ಅಂಚು ತಪ್ಪಿ ಕಲ್ಲಿಗೆ ಬಿದ್ದರೆ ಟಣ್ ಅನ್ನೋ ಸದ್ದು. ಎರಡೂ ಸೇರಿ ಅಷ್ಟು ಚೆನ್ನಾಗಿತ್ತು ಅಂದರೆ, ಫೋನಿನಲ್ಲಿ ಪೂರ್ತಿ ರೆಕಾರ್ಡ್ ಮಾಡಿಕೊಂಡೆ. ಈ ದೀಪದ ಕೆಳಗೆ ಮಕ್ಕಳು ಆಡಿದ ನೆರಳಿನಾಟಕ್ಕೆ ಹಿನ್ನೆಲೆ ಸದ್ದು ಅದೇ ಆಯಿತು.

ಸಾಕಷ್ಟು ಬಡಿದಾಯಿತಾ ಅಂತ ನೋಡೋಕೆ ಒಂದು ಚಿಟಿಕೆ ನಾರನ್ನು ಗಾಜಿನ ಬಾಟಲಿಯ ನೀರಿಗೆ ಹಾಕಿ ಕುಲುಕಿ ಬೆಳಕಿಗೆ ಹಿಡಿಯಿರಿ. ಗಂಟು ಗಂಟಾಗಿ ತೇಲಿದರೆ ಇನ್ನೂ ಬಡಿಯಬೇಕು. ಒಂದೇ ಸಮ ಹರಡಿದ್ದರೆ ಸಾಕು.

ಹಾಳೆ ಎತ್ತೋದು

ಅಚ್ಚಿಗೆ ಹೊಸದೇನೂ ತರಲಿಲ್ಲ. ಸ್ಕ್ರೀನ್ ಪ್ರಿಂಟಿಂಗ್‌ನ ಹಳೇ ಮರದ ಫ್ರೇಮಿಗೆ ಕಿಟಕಿಗೆ ಹಾಕೋ ಸೊಳ್ಳೆ ಜಾಲರಿ ಬಿಗಿದು ಹೊಡೆದೆ. ಅದೇ ಅಳತೆಯ ಇನ್ನೊಂದು ಖಾಲಿ ಫ್ರೇಮ್ ಅದರ ಮೇಲೆ ಕೂರುತ್ತದೆ, ಹಾಳೆಯ ಅಂಚು ನಿಲ್ಲಿಸೋಕೆ.

ನೀರಿನಲ್ಲಿ ಬರೀ ನಾರು ಹಾಕಿದರೆ ಅದು ಬೇಗ ತಳಕ್ಕೆ ಇಳಿಯುತ್ತದೆ, ಒಂದಕ್ಕೊಂದು ಸುತ್ತಿಕೊಳ್ಳುತ್ತದೆ. ಜಪಾನಿನಲ್ಲಿ ಇದಕ್ಕೆ ಒಂದು ಗಿಡದ ಬೇರಿನ ಲೋಳೆ ಹಾಕುತ್ತಾರೆ. ಆ ಗಿಡ ನಮ್ಮ ಬೆಂಡೆಯ ಅಣ್ಣತಮ್ಮ. ಹಾಗಾಗಿ ನಾನು ಬಲಿತ ಬೆಂಡೆಕಾಯಿ ಜಜ್ಜಿ ತಣ್ಣೀರಲ್ಲಿ ನೆನೆಸಿ ಬಟ್ಟೆಯಲ್ಲಿ ಸೋಸಿದ ಲೋಳೆ ಹಾಕಿದೆ. ನೀರು ಬೆರಳಿಗೆ ಜಾರೋ ಹಾಗೆ ಆಗಬೇಕು. ಲೋಳೆ ಇದ್ದರೆ ನೀರು ಜಾಲರಿಯಿಂದ ನಿಧಾನ ಇಳಿಯುತ್ತದೆ, ಆ ಹೊತ್ತಿನಲ್ಲಿ ಅಚ್ಚನ್ನು ಹಿಂದೆ ಮುಂದೆ, ಆ ಕಡೆ ಈ ಕಡೆ ಅಲ್ಲಾಡಿಸಿದರೆ ನಾರು ನಾಲ್ಕೂ ದಿಕ್ಕಿಗೆ ಹೆಣೆದುಕೊಳ್ಳುತ್ತದೆ. ಲೋಳೆಯನ್ನು ಬಿಸಿ ಮಾಡಬೇಡಿ, ನೀರಾಗಿ ಬಿಡುತ್ತದೆ. ದಿನ ಕಳೆದರೆ ಹಳಸುತ್ತದೆ. ಬೇಕಾದಷ್ಟೇ ಮಾಡಿಕೊಳ್ಳಿ.

ಎತ್ತಿದ ಹಾಳೆಯನ್ನು ಒದ್ದೆ ಪಂಚೆಯ ಮೇಲೆ ಬೋರಲು ಹಾಕಿ, ಹಿಂದಿನಿಂದ ಸ್ಪಂಜಿನಿಂದ ಒತ್ತಿ, ಅಚ್ಚನ್ನು ಒಂದು ಅಂಚಿನಿಂದ ಮೆಲ್ಲಗೆ ಎತ್ತಬೇಕು. ಹಾಳೆ, ಬಟ್ಟೆ, ಹಾಳೆ, ಬಟ್ಟೆ ಅಂತ ಪೇರಿಸಿ ಮೇಲೆ ಹಲಗೆ, ಹಲಗೆ ಮೇಲೆ ಕಲ್ಲು. ಒಂದೇ ಸಲ ಭಾರ ಹೇರಬೇಡಿ, ನೀರು ನುಗ್ಗಿ ಹಾಳೆ ಸೀಳುತ್ತದೆ.

ಒಣಗಿಸೋದರಲ್ಲಿ ಈ ಸಲ ನಿಜವಾದ ಪಾಡು. ಪ್ಲೈವುಡ್ ಹಲಗೆಗೆ ಬ್ರಷ್ಷಿನಿಂದ ಹಾಳೆ ಅಂಟಿಸಿ ಬಿಸಿಲಿಗೆ ನಿಲ್ಲಿಸಿದರೆ ಅರ್ಧ ದಿನ ಸಾಕು. ಆದರೆ ಹಾಳೆ ಎತ್ತಿ ಮುಗಿಸೋ ಹೊತ್ತಿಗೆ ಮೋಡ ಕವಿಯಿತು, ಆಮೇಲೆ ಬಿಡಲೇ ಇಲ್ಲ. ಹಲಗೆಗಳನ್ನು ನಡುಮನೆಗೆ ತಂದು ಫ್ಯಾನ್ ಹಾಕಿದೆ. ನಡುವಿನ ಹಾಳೆಗಳಿಗೆ ಬೂಷ್ಟು ಬಂತು, ಸಣ್ಣ ಬೂದು ಚುಕ್ಕಿ. ಬೂಷ್ಟು ಹಿಡಿದ ಹಾಳೆಯನ್ನು ಮತ್ತೆ ಟಬ್ಬಿಗೆ ಹಾಕಬಾರದು, ಇಡೀ ನಾರು ಕೆಡುತ್ತದೆ. ಅವನ್ನು ತೆಗೆದು ಹೊರಗೆ ಹಾಕಿದೆ. ಉಳಿದವನ್ನು ಬಟ್ಟೆ ಹೊದಿಸಿ ಇಸ್ತ್ರಿ ಪೆಟ್ಟಿಗೆಯಿಂದ ಅರ್ಧ ಒಣಗಿಸಿ, ಮಿಕ್ಕ ತೇವವನ್ನು ಗಾಳಿಗೆ ಬಿಟ್ಟೆ. ಇಸ್ತ್ರಿಯಲ್ಲೇ ಪೂರ್ತಿ ಒಣಗಿಸಿದರೆ ಕಾಗದ ಮುದುರುತ್ತದೆ.

ಒಣಗಿದ ಹಾಳೆಯನ್ನು ಮೊದಲ ಸಲ ಹಲಗೆಯಿಂದ ಬಿಡಿಸೋವಾಗ ಬರೋ ಸದ್ದು ಕೇಳಬೇಕು. ಹಲಗೆಗೆ ತಾಗಿದ ಮೈ ನುಣುಪು, ಬ್ರಷ್ ಆಡಿದ ಮೈ ಒರಟು. ಬೆಳಕಿಗೆ ಹಿಡಿದರೆ ಉದ್ದ ನಾರುಗಳು ಒಂದರ ಮೇಲೊಂದು ಹಾದುಹೋಗಿರೋದು ಕಾಣುತ್ತದೆ. ಅಡ್ಡಕ್ಕೂ ಉದ್ದಕ್ಕೂ ಎಳೆದೆ, ಹರಿಯಲಿಲ್ಲ.

ಬಣ್ಣ

ಆಯುಧಪೂಜೆಯವರೆಗೆ ಚೆಂಡು ಹೂವಿಗೆ ಬೆಲೆ. ಅದು ಕಳೆದ ಮೇಲೆ ಮೂಟೆಗಟ್ಟಲೆ ರಸ್ತೆ ಬದಿಗೆ ಬೀಳುತ್ತದೆ. ಬೆಳೆದವರ ಮುಖ ನೋಡೋಕೆ ಆಗುವುದಿಲ್ಲ. ನಾನು ಒಯ್ಯೋದು ಒಂದೆರಡು ಚೀಲ, ಅದರಿಂದ ಅವರಿಗೆ ಏನೂ ಆಗುವುದಿಲ್ಲ, ಆದರೂ ದುಡ್ಡು ಕೊಟ್ಟೇ ತರುತ್ತೇನೆ. ದಳ ಬಿಡಿಸಿ ಒಂದು ಗಂಟೆ ಕುದಿಸಿ ಸೋಸಿದರೆ ಕಡು ಹಳದಿ ನೀರು. ಮೊದಲು ರೇಷ್ಮೆ ಬಟ್ಟೆ ತುಂಡುಗಳು ಅದರಲ್ಲಿ ಮುಳುಗಿದವು, ಮಿಕ್ಕ ನೀರು ಕಾಗದಕ್ಕೆ.

ರೇಷ್ಮೆಗೆ ಪಟಿಕ ಒಂದೇ ಸಾಕು. ಕಾಗದ ಹತ್ತಿಯ ಹಾಗೆ, ಬಣ್ಣ ಸುಮ್ನೆ ಹಿಡಿಯುವುದಿಲ್ಲ. ಮೊದಲು ಅಳಲೆಕಾಯಿ ಪುಡಿ ನೆನೆಸಿ ಸೋಸಿದ ನೀರು ಬಳಿದು ಒಣಗಿಸಬೇಕು, ಆಮೇಲೆ ಪಟಿಕದ ನೀರು ಬಳಿದು ಒಣಗಿಸಬೇಕು, ಆಮೇಲೆ ಉಗುರು ಬೆಚ್ಚಗಿನ ಹೂವಿನ ನೀರು. ಮೂರು ಸಲ ಒಣಗಬೇಕು ಅನ್ನೋದನ್ನು ಗಮನಿಸಿ. ಇದಕ್ಕಾಗಿಯೇ ನಾಟಕದ ಪರದೆ ಕೆಲಸವನ್ನು ಮೋಡದ ದಿನಗಳಿಗೆ ದಬ್ಬಿದೆ, ಅದು ಒಳಗೇ ನಡೆಯುತ್ತದೆ. ಬಿಸಿಲು ಬಂದ ಕೂಡಲೇ ಅರಮನೆಯ ಕಂಬ ಅರ್ಧಕ್ಕೇ ಬಿಟ್ಟು ಹೊರಗೆ ಓಡೋದು. ಪರದೆಗೆ ಹೂವಿನ ಬಣ್ಣ ಬಳಸುವುದಿಲ್ಲ. ಸ್ಟೇಜ್ ಲೈಟಿಗೆ ಅದು ಪೇಲವ ಆಗುತ್ತದೆ, ಅಲ್ಲಿಗೆ ಪುಡಿ ಬಣ್ಣವೇ ಸರಿ.

ಗೆರೆಗೆ ಕಬ್ಬಿಣದ ಮಸಿ. ತುಕ್ಕು ಹಿಡಿದ ಮೊಳೆ, ಲಾಳ, ಬೆಲ್ಲ, ನೀರು ಮಡಕೆಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಒಂದೆರಡು ವಾರ ಬಿಟ್ಟರೆ ಹುಳಿ ವಾಸನೆಯ ಕಂದು ನೀರು ಬರುತ್ತದೆ. ಬಟ್ಟೆ ಮೇಲೆ ಚಿತ್ರ ಬರೆಯೋ ಶ್ರೀಕಾಳಹಸ್ತಿಯ ಕಲಂಕಾರಿಯವರ ಕಪ್ಪು ಇದೇ. ಬಿದಿರು ಕಡ್ಡಿಯ ತುದಿ ಚೂಪು ಮಾಡಿ ಅದ್ದಿ ಅಳಲೆಕಾಯಿ ಬಳಿದ ಕಾಗದದ ಮೇಲೆ ಎಳೆದರೆ ಮೊದಲು ಏನೂ ಕಾಣುವುದಿಲ್ಲ, ಬರೀ ಒದ್ದೆ ಗೆರೆ. ನೋಡ್ತಾ ಇದ್ದ ಹಾಗೇ ಅದು ಬೂದು ಆಗುತ್ತದೆ, ಅಂಚಿನಿಂದ ಒಳಕ್ಕೆ ಕಪ್ಪು ಏರುತ್ತದೆ. ಅಳಲೆಕಾಯಿಯ ಒಗರು ಕಬ್ಬಿಣಕ್ಕೆ ಸೇರಿ ಹುಟ್ಟೋ ಕಪ್ಪು ಅದು. ಮಕ್ಕಳಿಗೆ ಇದನ್ನು ತೋರಿಸಿದರೆ ಆ ದಿನ ಬೇರೆ ಪಾಠ ಬೇಕಾಗಿಲ್ಲ. ಹುಳು ಕಡಿದ ಸೊಪ್ಪಿನ ಅಂಚು ಇರುತ್ತದಲ್ಲ, ಅರ್ಧ ಚಂದ್ರ ಅರ್ಧ ಚಂದ್ರವಾಗಿ, ಅದನ್ನೇ ಸಾಲಾಗಿ ಬರೆದೆ. ಗೆರೆ ತೆಳ್ಳಗಿರಲಿ. ಈ ಮಸಿ ವರ್ಷಗಳು ಕಳೆದ ಹಾಗೆ ಕಾಗದವನ್ನೇ ತಿನ್ನುತ್ತದೆ.

ಕಟ್ಟೋದು, ಬೆಳಗೋದು

ಮೈದಾ ಅಂಟು ಕಾಯಿಸಿ ಅದಕ್ಕೆ ಒಂದು ಚಿಟಿಕೆ ಮೈಲುತುತ್ತ ಹಾಕಿದೆ. ದ್ರಾಕ್ಷಿ ತೋಟದವರಿಗೆ ಇದು ಗೊತ್ತು, ಸುಣ್ಣದ ಜೊತೆ ಸೇರಿಸಿ ಹೊಡೆಯುತ್ತಾರೆ. ಅಂಟಿಗೆ ಹಾಕಿದರೆ ಜಿರಲೆ, ಬೂಷ್ಟು ಹತ್ತಿರ ಬರುವುದಿಲ್ಲ. ಆದರೆ ಅದು ವಿಷ. ಪಾತ್ರೆ ಬೇರೆ, ಬ್ರಷ್ ಬೇರೆ, ಮಕ್ಕಳ ಕೈಗೆ ಸಿಗದ ಜಾಗ, ಹುಳು ಮನೆಯ ಹತ್ತಿರ ಸುಳಿಯಲೇಬಾರದು.

ಕಾಗದವನ್ನು ಕತ್ತರಿಯಿಂದ ಕತ್ತರಿಸಲಿಲ್ಲ. ಒದ್ದೆ ಬ್ರಷ್ಷಿನಿಂದ ಗೆರೆ ಎಳೆದು ಕೈಯಲ್ಲಿ ಎಳೆದರೆ ಅಂಚಿನಲ್ಲಿ ನಾರು ಹೊರಗೆ ಚಾಚಿಕೊಂಡು ಬರುತ್ತದೆ. ಆ ನಾರು ಪಕ್ಕದ ಪಟ್ಟಿಯ ಮೇಲೆ ಮಲಗಿ ಅಂಟಿದರೆ ಜೋಡಣೆ ಕಾಣಿಸುವುದೇ ಇಲ್ಲ. ಅರ್ಧ ಇಂಚು ಒಂದರ ಮೇಲೊಂದು ಬಂದರೆ ಸಾಕು. ಒಣಗುವಾಗ ಕಾಗದ ಬಿಗಿದುಕೊಳ್ಳುತ್ತದೆ. ನನ್ನ ಸೊಂಟದ ಬಳೆಯನ್ನು ಅದು ಒಳಕ್ಕೆ ಎಳೆಯಿತು, ಅಡ್ಡಕ್ಕೆ ಎರಡು ಕಡ್ಡಿ ಕೊಟ್ಟು ನಿಲ್ಲಿಸಿದೆ. ಬೆರಳಲ್ಲಿ ತಟ್ಟಿದರೆ ಈಗ ಡಬ್ ಅನ್ನುತ್ತದೆ.

ಕೆಳಗಿನ ಅರ್ಧಕ್ಕೆ ಅಗಸೆ ಎಣ್ಣೆ ಬಳಿದೆ. ತುಂತುರು ತಡೆಯುತ್ತದೆ, ಬೆಳಕೂ ಜಾಸ್ತಿ ಹೊರಗೆ ಬರುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಏರುತ್ತದೆ, ಮುದ್ದೆಯಲ್ಲಿ ಆ ಬಿಸಿ ಸೇರಿಕೊಂಡು ತಾನೇ ಹೊತ್ತಿಕೊಳ್ಳಬಹುದು. ಹೊರಗೆ ತಂತಿಯ ಮೇಲೆ ಹರಡಿ ಒಣಗಿಸಿ, ಇಲ್ಲ ನೀರಲ್ಲಿ ನೆನೆಸಿಡಿ.

ಬಲ್ಬ್ 5 ವಾಟಿನ ಎಲ್ಇಡಿ ಎರಡು. ಹಳೇ ಕಾಲದ ಬಿಸಿ ಬಲ್ಬ್ ಎಣ್ಣೆ ಕಾಗದದೊಳಗೆ ಬೇಡ, ಹಣತೆಯಂತೂ ಬೇಡವೇ ಬೇಡ. ಮೇಲೆ, ಕೆಳಗೆ ಗಾಳಿಗೆ ಬಾಯಿ ಬಿಟ್ಟಿದ್ದೇನೆ, ಮೇಲಿನ ಬಾಯಿಗೆ ಎಣ್ಣೆ ಡಬ್ಬಿಯ ತಗಡಿನ ಟೋಪಿ. ವೈರ್ ಜೋಡಣೆಯನ್ನು ಎಲೆಕ್ಟ್ರಿಷಿಯನ್ ಅಣ್ಣನ ಕೈಯಲ್ಲಿ ಮಾಡಿಸಿದೆ. ಸೂರಿನ ಒಳಗೇ ನೇತುಹಾಕಬೇಕು, ಬಯಲಿಗೆ ಆಗುವುದಿಲ್ಲ.

ಮಕ್ಕಳಿಗೆ ಒಳಗೆ ಬೊಂಬೆ ತಿರುಗಬೇಕಿತ್ತು. ಹಣತೆಯ ಬಿಸಿ ಗಾಳಿಗೆ ತಿರುಗೋ ಚಕ್ರ ಎಲ್ಇಡಿಗೆ ತಿರುಗುವುದಿಲ್ಲ, ಅಷ್ಟು ಬಿಸಿ ಅದರಲ್ಲಿಲ್ಲ. ಕೆಳಗಿನ ಬಲ್ಬಿನ ಸುತ್ತ ಸಣ್ಣ ಬಳೆಯೊಂದನ್ನು ದಾರಕ್ಕೆ ನೇತುಹಾಕಿ, ದಪ್ಪ ಕಾಗದದ ಹುಳು, ಚಿಟ್ಟೆ, ತಮಟೆಯವನು, ಸೊಪ್ಪು ಹೊತ್ತ ಹೆಂಗಸು ಇವನ್ನೆಲ್ಲ ಅದಕ್ಕೆ ಕಟ್ಟಿದೆವು. ದಾರವನ್ನು ತಿರುಚಿ ಬಿಟ್ಟರೆ ಒಂದಷ್ಟು ಹೊತ್ತು ಒಂದು ಕಡೆ ತಿರುಗಿ, ಮತ್ತೆ ಹಿಂದಕ್ಕೆ ತಿರುಗುತ್ತದೆ. ಹಾಲುಬಣ್ಣದ ಬಲ್ಬಿಗೆ ನೆರಳು ಮಸುಕು ಬಂತು. ಕೆಳಗಿನದಕ್ಕೆ ಪಾರದರ್ಶಕ ಗಾಜಿನ ಸಣ್ಣ ಎಲ್ಇಡಿ ಬಲ್ಬ್ ಹಾಕಿದ ಮೇಲೆ ಚಿಟ್ಟೆಯ ಮೀಸೆ ಕೂಡ ಕಂಡಿತು. ಚಂದ್ರಿಕೆ ಕೊಟ್ಟ ತಾತ ಬಂದು ನೋಡಿದರು. "ಗೂಡು ಸರಿಯಾಗೇ ಇದೆ, ಜುಂಗು ಕಮ್ಮಿ" ಅಂದರು. ಗೂಡಿನ ಹೊರಗಿನ ಸಡಿಲ ಎಳೆಯ ಮಾತು. ಅವರು ಹೇಳಿದ್ದು ಸರಿ, ಮುಂದಿನದಕ್ಕೆ ರೀಲಿಂಗ್‌ನಲ್ಲಿ ಉಳಿಯೋ ವೇಸ್ಟ್ ರೇಷ್ಮೆಯನ್ನು ಹೊರಗೆ ಹೊದಿಸಿ ನೋಡುತ್ತೇನೆ.

ನೀವು ಮಾಡೋದಾದರೆ, ಕಡ್ಡಿಗೆ ರೈತರನ್ನು ಕೇಳಬೇಕಾದ್ದು ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ. ಒಟ್ಟು ಸೊಪ್ಪಿನ ಮುಕ್ಕಾಲಿಗಿಂತ ಹೆಚ್ಚು ಹುಳು ತಿನ್ನೋದು ಆ ಒಂದು ವಾರದಲ್ಲೇ, ಹಸಿ ಕಡ್ಡಿ ದಿನಾ ರಾಶಿ ಬೀಳುತ್ತದೆ. ಆ ವಾರ ಅವರಿಗೆ ನಿದ್ದೆ ಇರುವುದಿಲ್ಲ, ಮಾತಾಡಿಸಿಕೊಂಡು ನಿಲ್ಲಬೇಡಿ. ಹುಳು ಮನೆಯೊಳಗೆ ಕಾಲಿಡದೆ ಹೊರಗಿನಿಂದಲೇ ಕೇಳಿ, ಹೊರೆ ನೀವೇ ಕಟ್ಟಿಕೊಂಡು ಬನ್ನಿ, ಅವತ್ತೇ ಸುಲಿಯಿರಿ.